ನಾಲ್ಕಾಗಿ ಮಡಚಿದ ಚಿಂದಿ

ಎಣ್ಣೆಯ ಚಿಂದಿ ಮುಖಕ್ಕೆ ಬಡಿದಾಗ ಅವನಿಗೆ ಮೊದಲು ಹೊಳೆದದ್ದು ಅದು ಬೆಚ್ಚಗಿದೆ ಎಂಬುದು. ಅವಮಾನ ಆಮೇಲೆ ಬಂತು, ಮಿಂಚಿನ ಹಿಂದೆ ಗುಡುಗು ಬರುವಂತೆ ಸ್ವಲ್ಪ ತಡವಾಗಿ. ಕನ್ನಡಕದ ಎಡಗಾಜಿನ ಮೇಲೆ ಅಗಸೆ ಎಣ್ಣೆ ಹರಡಿತ್ತು. ಅದರ ಮೂಲಕ ಕಂಡ ಭಾವ, ಹೆಂಡತಿಯ ಅಣ್ಣ, ಈ ಮರದ ಅಂಗಡಿಯ ಒಡೆಯ, ಉದ್ದವಾಗಿ ಕೆಳಕ್ಕೆ ಜಾರುತ್ತಿದ್ದ. "ಮೇಷ್ಟ್ರೇ, ಇದೇನು ಬಟ್ಟೆ ಒಗೆಯೋ ಜಾಗವಾ? ಹನ್ನೊಂದಕ್ಕೆ ಹೋಟೆಲಿನವರು ಬರ್ತಾರೆ. ಇಪ್ಪತ್ತು ಮರದ ಬೀರು ಕೊಳ್ಳೋ ಜನ ನನ್ನ ಹರಕು ಚಿಂದಿ ನೋಡ್ಕೊಂಡು ಹೋಗ್ಬೇಕಾ?" ಹಿತ್ತಲಿನ ತಂತಿಯ ಮೇಲೆ ನಲವತ್ತರಷ್ಟು ಚಿಂದಿಗಳು ಒಂದಕ್ಕೊಂದು ತಾಗದಂತೆ ತೂಗಾಡುತ್ತಿದ್ದವು. ಪಾಲಿಶ್ ಮಾಡುವ ತಾತ ಕೆಲಸ ಮುಗಿದ ಮೇಲೆ ಮಾಡುವ ಕೊನೆಯ ಕೆಲಸ ಅದು. ಮರಕ್ಕೆ ಎಣ್ಣೆ ಉಜ್ಜಿದ ಪ್ರತಿ ಚಿಂದಿಯನ್ನೂ ಕೊಡವಿ, ಅಗಲ ಮಾಡಿ, ಮಗುವಿನ ಬಟ್ಟೆ ಹಾಕುವಷ್ಟು ಜೋಪಾನವಾಗಿ ತಂತಿಗೆ ಹಾಕುತ್ತಿದ್ದ. ಮುಂದಿನ ಕೋಣೆಯಲ್ಲಿ ಬೀರುವೊಂದರ ಬಾಗಿಲಿಗೆ ಅಂಗೈ ಒತ್ತಿ ನಯ ನೋಡುತ್ತಿದ್ದ ತಾತ ಅಲ್ಲಿಂದಲೇ ಹೇಳಿದ: "ಸಾಹುಕಾರ್ರೇ, ಚಿಂದಿ ಹರಡೇ ಇರ್ಲಿ. ಗುಡ್ಡೆ ಹಾಕ್ಬಾರ್ದು." ಭಾವ ತಿರುಗಲಿಲ್ಲ. "ನೀನು ಕೈ ಆಡಿಸು ತಾತ, ಬಾಯಿ ಆಡಿಸ್ಬೇಡ." ಬಡಗಿ ಉಳಿ ಹಿಡಿದು ಕೂತಲ್ಲೇ ನಕ್ಕ. ಭಾವ ಒಂದು ಗೋಣಿಚೀಲವನ್ನು ಕಾಲಿನಿಂದ ಅವನ ಕಡೆ ತಳ್ಳಿದ. "ಇದರಲ್ಲಿ ತುರುಕಿ ಹಿಂದಿನ ಕೋಣೇಲಿಡು. ಇಷ್ಟಾದ್ರೂ ಬರುತ್ತಲ್ವಾ? ಇಲ್ಲಿ ಯಾರ ಕಿವೀನೂ ಹಿಡಿಯೋದು ಬೇಕಿಲ್ಲ."

ಕಿವಿ ಎಂಬ ಮಾತು ಬಂದಾಗಲೆಲ್ಲ ಅವನ ಬಲ ಅಂಗೈ ಜುಮ್ಮೆನ್ನುತ್ತಿತ್ತು. ಮೂರು ವರ್ಷವಾದರೂ ಅದು ಹೋಗಿರಲಿಲ್ಲ. ತಂತಿಯಿಂದ ಮೊದಲ ಚಿಂದಿಯನ್ನು ಎಳೆದುಕೊಂಡಾಗ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಭಾವ, ಇದು ಬರಿ ಎಣ್ಣೆ ಅಲ್ಲ, ಒಣಗುವ ಎಣ್ಣೆ. ಒಣಗೋದು ಅಂದ್ರೆ ನೀರು ಆರಿದಂತಲ್ಲ, ಗಾಳಿಯ ಆಮ್ಲಜನಕವನ್ನು ಹಿಡಿದು ಗಟ್ಟಿಯಾಗೋದು, ಹಿಡಿಯುವಾಗ ಬಿಸಿ ಬಿಡುತ್ತೆ. ಎರಡೇ ವಾಕ್ಯ. ಆದರೆ ಕೆನ್ನೆಯ ಮೇಲಿನ ಎಣ್ಣೆ ಗಲ್ಲದಿಂದ ಕಾಲರಿನೊಳಗೆ ಇಳಿಯುತ್ತಿತ್ತು, ಬಡಗಿಯ ನಗು ಇನ್ನೂ ಮುಗಿದಿರಲಿಲ್ಲ, ಮಾತು ನಾಲಿಗೆಯಿಂದ ಹಿಂದಕ್ಕೆ ಸರಿಯಿತು. ಅವನು ಚಿಂದಿಯನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಚಿದ. ತುರುಕು ಎಂದರೆ ಅವನಿಂದ ಆಗದು. ಯಾವುದನ್ನೂ ಮುದ್ದೆ ಮಾಡಿ ಬಿಡಲು ಅವನಿಗೆ ಬಾರದು. ಶಾಲೆಯ ಪ್ರಯೋಗಶಾಲೆಯಲ್ಲಿ ಬಾಟಲಿಗಳ ಚೀಟಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತಿದ್ದವು. ಎರಡನೆಯದು, ಮೂರನೆಯದು. ಗೋಣಿಯ ತಳದಲ್ಲಿ ಅವು ಪುಸ್ತಕಗಳಂತೆ ಜೋಡಿಸಿಕೊಂಡವು. ಹತ್ತಾದ ಮೇಲೆ ಮಂಡಿಯೂರಿ ಒತ್ತಿದ. ಒತ್ತುವಾಗ ಅವನಿಗೆ ಎಲ್ಲವೂ ಗೊತ್ತಿತ್ತು. ತಂತಿಯ ಮೇಲೆ ಹುಟ್ಟಿದ ಬಿಸಿಯನ್ನು ಗಾಳಿ ಆಗಲೇ ಒಯ್ಯುತ್ತದೆ, ಲೋಕಕ್ಕೆಲ್ಲ ಹಂಚಿಬಿಡುತ್ತದೆ. ಮಡಿಕೆಗಳ ನಡುವೆ ಹುಟ್ಟಿದ ಬಿಸಿಗೆ ಹೋಗಲು ದಾರಿಯಿಲ್ಲ. ಅದು ಅಲ್ಲೇ ಕೂತು ಪಕ್ಕದ ಎಣ್ಣೆಯನ್ನು ಅವಸರಪಡಿಸುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ. ಮತ್ತೆ ಹತ್ತು, ಮತ್ತೆ ಇಮ್ಮಡಿ. ಮೊದಲ ಎರಡು ಗಂಟೆ ಮುಟ್ಟಿ ನೋಡಿದರೂ ಯಾರಿಗೂ ತಿಳಿಯದು. ಇದನ್ನೇ ಅವನು ಬೋರ್ಡಿನ ಮೇಲೆ ಬರೆದಿದ್ದ, ಚಿಂದಿಯ ಚಿತ್ರವನ್ನೂ ಬಿಡಿಸಿದ್ದ, ಮೂರು ವರ್ಷದ ಹಿಂದಿನ ಆ ದಿನ, ತರಗತಿಯಲ್ಲಿ.

ಅದೇ ದಿನ ಕೇಳಿದ್ದ ಅವನು, ಮೂರನೇ ಬೆಂಚಿನ ಹುಡುಗ, ಎದ್ದು ನಿಂತು, ಬಹಳ ವಿನಯದಿಂದ. ಪ್ರಕೃತಿಯಲ್ಲಿ ತಾನಾಗಿ ಆಗುವ ಬದಲಾವಣೆಗಳಿಗೆ ಎರಡು ಸೆಳೆತ ಎಂದು ಇವನು ಹೇಳಿ ಮುಗಿಸಿದ್ದನಷ್ಟೆ. ಒಂದು, ಇದ್ದ ಶಕ್ತಿಯನ್ನು ಹೊರಗೆ ಚೆಲ್ಲಿ ಕೆಳಗಿಳಿದು ಹಗುರಾಗುವ ಸೆಳೆತ. ಇನ್ನೊಂದು, ಕೂಡಿದ್ದು ಚದುರಿ ಹರಡಿಕೊಳ್ಳುವ ಸೆಳೆತ, ಅದರ ಅಳತೆಗೆ ಎಂಟ್ರೊಪಿ ಎಂದು ಹೆಸರು. ಎರಡೂ ಒಂದೇ ಕಡೆಗೆ ಎಳೆದರೆ ತಡೆಯುವವರಿಲ್ಲ. ಒಂದು ಏರಿಗೆ, ಒಂದು ನೀರಿಗೆ ಎಳೆದರೆ ತಾಪ ತೀರ್ಪು ಕೊಡುತ್ತದೆ: ಕೊರೆಯುವ ಚಳಿಯಲ್ಲಿ ನೀರು ಮಂಜುಗಡ್ಡೆಯಾಗುತ್ತದೆ, ಅದೇ ಗಡ್ಡೆ ಬೇಸಿಗೆಯಲ್ಲಿ ಬಿಸಿಯನ್ನು ಕುಡಿದಾದರೂ ಕರಗಿ ಹರಿಯುತ್ತದೆ. "ಸರ್," ಎಂದಿದ್ದ ಹುಡುಗ, "ಎಲ್ಲಾ ತಾನಾಗೇ ಆಗೋದಾದ್ರೆ ನೀವ್ಯಾಕೆ ಸುಮ್ನೆ ಕಷ್ಟಪಡ್ತೀರಿ, ಪಾಠಾನೂ ತಾನಾಗೇ ಆಗ್ಲಿ ಬಿಡಿ." ತರಗತಿ ನಕ್ಕಿತು. ಒಳ್ಳೆಯ ತಮಾಷೆ, ಈಗ ಅವನಿಗೂ ಹಾಗನ್ನಿಸುತ್ತದೆ. ಇನ್ನೊಂದು ದಿನವಾಗಿದ್ದರೆ ತಾನೂ ನಗುತ್ತಿದ್ದ. ಕೈ ಹುಡುಗನ ಎಡಕಿವಿಯ ಮೇಲೆ ಬಿತ್ತು. ಎಷ್ಟೋ ಸಲ ಲೆಕ್ಕ ಹಾಕಿದ್ದಾನೆ: ಮುಂಗೈಯ ತೂಕ, ಅದರ ವೇಗ; ಆ ಏಟಿನ ಶಕ್ತಿ ಒಂದು ಚಮಚ ನೀರನ್ನು ಒಂದೂವರೆ ಡಿಗ್ರಿ ಬಿಸಿ ಮಾಡಲು ಸಾಕು, ಅದಕ್ಕಿಂತ ಹೆಚ್ಚಿಲ್ಲ. ಅಷ್ಟು ಬಿಸಿ ಹುಡುಗನ ಕೆನ್ನೆಗೆ, ತನ್ನ ಅಂಗೈಗೆ, ಕೋಣೆಯ ಗಾಳಿಗೆ ಹಂಚಿಹೋಗಿ ಕಿಟಕಿಯಿಂದ ಆಚೆ ಹೊರಟುಹೋಯಿತು. ಮತ್ತೆ ಒಟ್ಟುಗೂಡಿಸಿ ಹಿಂದಕ್ಕೆ ತರಲು ಯಾವ ಯಂತ್ರವೂ ಇಲ್ಲ. ಕಿವಿಯಿಂದ ನೂಲಿನಷ್ಟು ತೆಳುವಾದ ರಕ್ತ ಇಳಿದಿತ್ತು. "ಕೈ ತಾನಾಗೇ ಬೀಸಿತು, ಉದ್ದೇಶ ಇರಲಿಲ್ಲ ಅಂತ ಬರೆದುಕೊಡಿ ಮೇಷ್ಟ್ರೇ," ಎಂದಿದ್ದರು ಹೆಡ್‌ಮಾಸ್ಟರು ಪೆನ್ನು ಕೊಟ್ಟು. ಅವನು ಬರೆದುಕೊಟ್ಟ, ದುಂಡು ಅಕ್ಷರದಲ್ಲಿ. ಹೊರಗೆ ಹುಡುಗನ ತಾಯಿ ಇವನ ಅಂಗಿಯ ಎದೆಯನ್ನು ಹಿಡಿದು ಜಗ್ಗಿದಳು, ಒಂದು ಗುಂಡಿ ಕಿತ್ತುಬಂದು ಅವಳ ಮುಷ್ಟಿಯಲ್ಲಿ ಉಳಿಯಿತು.

ಗೋಣಿಯ ಬಾಯಿಗೆ ಹುರಿ ಬಿಗಿಯುತ್ತಿದ್ದಾಗ ಭಾವ ಬಾಗಿಲಲ್ಲಿ ನಿಂತು ತಾತನಿಗೆ ಹೇಳುತ್ತಿದ್ದ: "ಇವತ್ತು ಮಧ್ಯಾಹ್ನ ಹಿತ್ತಿಲಲ್ಲಿ ಚಾಪೆ ಬಿಚ್ಬೇಡ. ಒಳಗೇ ಮಲ್ಕೋ. ಬಂದವರು ನೋಡಿದ್ರೆ ಇದೇನು ಅಂಗಡಿನೋ ಆಸ್ಪತ್ರೆನೋ ಅಂತಾರೆ." ಅವನು ಅದನ್ನು ಕೇಳಿಸಿಕೊಂಡ. ಹುರಿಗೆ ಎರಡನೆಯ ಗಂಟು ಹಾಕಿದ. ಗೋಣಿಯನ್ನು ಹಿಂದಿನ ಕೋಣೆಗೆ ಒಯ್ದು, ಮರದ ಹೊಟ್ಟು ತುಂಬಿದ ಮೂಲೆಯಲ್ಲಿ, ಬಿಸಿಲಿಗೆ ಆಗಲೇ ಕಾಯತೊಡಗಿದ್ದ ತಗಡಿನ ಗೋಡೆಗೆ ಒರಗಿಸಿಟ್ಟ. ಆಮೇಲೆ ಬಡಗಿಯೂ ಅವನೂ ಸೇರಿ ಸಿದ್ಧವಾದ ಆರು ಬೀರುಗಳನ್ನು ಅಲ್ಲಿಗೇ ಸಾಗಿಸಿ, ಬೆಳಕು ಬೀಳಲೆಂದು ಹಿಂಬಾಗಿಲಿಗೆ ಅಡ್ಡವಾಗಿ ಸಾಲಾಗಿ ನಿಲ್ಲಿಸಿದರು. ಹೋಟೆಲಿನವನು ಬಂದ, ಬೀರುಗಳ ಬಾಗಿಲು ತೆಗೆದು ಮುಚ್ಚಿ ನೋಡಿದ, ಇವನ ಕಾಲರಿನ ಎಣ್ಣೆಯನ್ನೂ ನೋಡಿದ. "ಇವರು ನಮ್ಮ ತಂಗಿ ಗಂಡ," ಎಂದ ಭಾವ. "ಹಿಂದೆ ಮೇಷ್ಟ್ರಾಗಿದ್ರು. ಕೈ ಸ್ವಲ್ಪ ಜೋರು. ಈಗ ಮರಕ್ಕೆ ಹೊಡೀಲಿ ಅಂತ ಇಟ್ಕೊಂಡಿದ್ದೀನಿ, ಮರಕ್ಕೆ ಕಿವಿ ಇಲ್ವಲ್ಲ." ಹೋಟೆಲಿನವನು ನಗಲೋ ಬೇಡವೋ ಎಂದು ಅರ್ಧ ನಕ್ಕ. ಇವನೂ ನಕ್ಕ. ತನ್ನ ನಗು ತನಗೇ ಕೇಳಿಸಿದಾಗ ಆ ಬೀರುಗಳು ಒಂದರ ಹಿಂದೊಂದು ಹೊತ್ತಿಕೊಳ್ಳುವುದು, ಎಣ್ಣೆ ಕುಡಿದ ಹಲಗೆಗಳು ಸಿಡಿಯುವುದು, ಭಾವ ರಸ್ತೆಯಲ್ಲಿ ಬರಿಗಾಲಲ್ಲಿ ನಿಂತು ಬಾಯಿ ಬಡಿದುಕೊಳ್ಳುವುದು ಎಲ್ಲ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಕಣ್ಣಿಗೆ ತಂಪಾಯಿತು. ಊಟದ ಹೊತ್ತು. ಅಂಗಡಿ ಖಾಲಿ ಇರುವ ಹೊತ್ತು. ಯಾರೂ ಏನೂ ಮಾಡಿರುವುದಿಲ್ಲ.

ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟು ಎದುರಿಗೆ ಕೂತಳು. ನಿನ್ನೆ ಸಂಜೆ ಅವಳ ಕಡೆಗೆ ಎತ್ತಿದ ಕೈಯನ್ನು ಕೊನೆಯ ಗಳಿಗೆಯಲ್ಲಿ ಬಾಗಿಲಿನ ಚೌಕಟ್ಟಿಗೆ ತಿರುಗಿಸಿದ್ದ. ಬೆರಳ ಗೆಣ್ಣುಗಳು ಇನ್ನೂ ಊದಿದ್ದವು, ಅನ್ನ ಕಲಸುವಾಗ ನೋಯುತ್ತಿದ್ದವು. ಅವಳು ಬೆರಳು ನೋಡಿ, ಮುಖ ನೋಡಿದಳು. "ಮುಖದ ಮೇಲೆ ಏನ್ರೀ ಅದು, ಹಳದಿಗೆ?" ಎಂದಳು. "ಎಣ್ಣೆ." "ಅಣ್ಣ ಏನಾದ್ರೂ ಅಂದ್ನಾ?" "ನಿಮ್ಮಣ್ಣ ದೇವರಂಥವನು. ಏನಂತಾನೆ?" "ನಾನು ಮಾತಾಡ್ಲಾ ಅವನ ಹತ್ರ?" ಆ ಪ್ರಶ್ನೆಯಲ್ಲಿದ್ದ ಕರುಣೆ ಚಿಂದಿಗಿಂತ ಒದ್ದೆಯಾಗಿ ಮುಖಕ್ಕೆ ಅಂಟಿಕೊಂಡಿತು. ತಟ್ಟೆ ಗೋಡೆಗೆ ಹೋಗಿ ಬಡಿದದ್ದು ಅವನಿಗೆ ಸದ್ದಿನಿಂದಲೇ ತಿಳಿಯಿತು. ಅನ್ನ ಸುಣ್ಣದ ಗೋಡೆಯ ಮೇಲೆ ಅಂಟಿ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಚಿಕ್ಕವನಿದ್ದಾಗ ಅಪ್ಪನ ಬೆಲ್ಟು ಮೊಳೆಯಿಂದ ಕೆಳಗಿಳಿಯುವ ಸದ್ದಿಗೇ ಅವನ ಚಡ್ಡಿ ಒದ್ದೆಯಾಗುತ್ತಿತ್ತು. ಅಮ್ಮ ನೆಲ ಒರೆಸಿ "ಅವರಿಗೆ ತಡೆಯೋಕಾಗಲ್ಲ ಕಂದ, ಸಿಟ್ಟು ತಾನಾಗೇ ಬರುತ್ತೆ" ಎನ್ನುತ್ತಿದ್ದಳು. ಅಪ್ಪನಿಗೆ ಸಾಹೇಬರ ಮುಂದೆ ಸಿಟ್ಟು ತಾನಾಗಿ ಬಂದದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಹೆಂಡತಿ ಎದ್ದು ಹೋಗಿ ಹಳೆಯ ಸೀರೆಯ ತುಂಡೊಂದನ್ನು ತಂದು ಗೋಡೆ ಒರೆಸಿದಳು. ಅಳಲಿಲ್ಲ. ತುಂಡನ್ನು ಹಿಂಡಿ, ಕೊಡವಿ, ಕಿಟಕಿಯ ಸರಳಿನ ಮೇಲೆ ಅಗಲವಾಗಿ ಹರಡಿದಳು, ಒಂದು ಅಂಚು ಇನ್ನೊಂದಕ್ಕೆ ತಾಗದ ಹಾಗೆ.

ಹಾಗೆ ಹರಡುವ ಇನ್ನೊಂದು ಕೈ, ತಾತನದು. ಒಳಗೇ ಮಲ್ಕೋ, ಎಂದಿದ್ದ ಭಾವ. ಗಡಿಯಾರದಲ್ಲಿ ಒಂದು ನಲವತ್ತು. ಭಾವ ಹೋಟೆಲಿನವನ ಜೊತೆ ಊಟಕ್ಕೆ ಹೋಗುವಾಗ ಷಟರ್ ಎಳೆದು ಬೀಗ ಹಾಕಿರುತ್ತಾನೆ. ತಾತ ಎದ್ದರೆ ಹಿಂಬಾಗಿಲಿನಿಂದ ಬರುತ್ತಾನೆ ಎಂದು ದಿನವೂ ಹಾಗೇ ಮಾಡುತ್ತಾನೆ. ಹಿಂಬಾಗಿಲಿಗೆ ಅಡ್ಡ ಆರು ಬೀರು, ಒಂದೊಂದಕ್ಕೂ ತಾನೇ ಹೆಗಲು ಕೊಟ್ಟದ್ದು. ಮರೆತೆನೇ, ಎಂದು ಕೇಳಿಕೊಂಡ, ಆಗಲೇ ರಸ್ತೆಗೆ ಬಂದಿದ್ದ, ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು. ಕೇಳಿಸಿಕೊಂಡದ್ದನ್ನು ಮರೆಯುವುದಕ್ಕೂ, ಮಡಚಿಡುವುದಕ್ಕೂ ವ್ಯತ್ಯಾಸವೇನು? ಓಡುತ್ತ ಲೆಕ್ಕ ಹಾಕುತ್ತಿದ್ದ, ಲೆಕ್ಕ ಹಾಕುವ ತಲೆಯನ್ನು ಎಲ್ಲಾದರೂ ಗೋಡೆಗೆ ಚಚ್ಚಬೇಕೆನಿಸುತ್ತಿತ್ತು. ತಂತಿಯ ಮೇಲಿದ್ದಾಗಲೇ ಬೆಚ್ಚಗಿತ್ತು. ಮೂವತ್ತೈದು ಎಂದಿಟ್ಟುಕೋ. ತಗಡು ಕಾದಿದೆ, ನಲವತ್ತೈದು. ಒಳಗೆ ಅರವತ್ತು, ಎಂಬತ್ತು, ಆಮೇಲೆ ಗಂಟೆಗಳ ಲೆಕ್ಕವಿಲ್ಲ, ನಿಮಿಷಗಳದ್ದು. ಒಬ್ಬ ಹೆಂಗಸಿಗೆ ಡಿಕ್ಕಿ ಹೊಡೆದ. ಅವಳ ಚೀಲದಿಂದ ಈರುಳ್ಳಿ ರಸ್ತೆ ತುಂಬ ಉರುಳಿತು. "ಕಣ್ಣು ಎಲ್ಲಿಟ್ಕೊಂಡಿದ್ದೀಯೋ," ಎಂದು ಅವಳು ಕೂಗಿದಳು. ತಿರುವಿನಲ್ಲೇ ವಾಸನೆ ಬಂತು, ಸುಟ್ಟ ಬಣ್ಣದಂತೆ ಗಂಟಲು ಕೆರೆಯುವ ವಾಸನೆ.

ಬಡಗಿ ಎದುರು ಅಂಗಡಿಯ ಬೆಂಚಿನ ಮೇಲೆ ಚಹಾ ಲೋಟ ಹಿಡಿದು ಷಟರಿನ ಕೆಳಗಿಂದ ಬರುತ್ತಿದ್ದ ಹೊಗೆಯನ್ನೇ ನೋಡುತ್ತ ಅದೇನೆಂದು ಇನ್ನೂ ತಿಳಿಯದೆ ಕೂತಿದ್ದ. "ಹಾರೆ," ಎಂದ ಇವನು. "ಏನು ಮೇಷ್ಟ್ರೇ, ಪಾಠ ಏನಾದ್ರೂ..." "ಹಾರೆ ತಗೊಂಡು ಬಾ. ತಾತ ಒಳಗಿದ್ದಾನೆ." ಒಳಗಿನಿಂದ ತಗಡಿಗೆ ಏನೋ ಬಡಿಯುತ್ತಿತ್ತು, ಮುಷ್ಟಿಯಲ್ಲ, ಮೆತ್ತಗಿನ ಏನೋ. ಹಾರೆಯನ್ನು ಬೀಗಕ್ಕೆ ಸಿಕ್ಕಿಸಿದಾಗ ಒಂದು ಗಳಿಗೆ ಅವನ ಕೈ ನಿಂತಿತು: ತೆರೆದರೆ ಗಾಳಿ ನುಗ್ಗುತ್ತದೆ, ಗಾಳಿ ಸಿಕ್ಕರೆ ಹೊಗೆಯಾಡುತ್ತಿದ್ದದ್ದು ಉರಿಯಾಗುತ್ತದೆ. ಅದೂ ಗೊತ್ತಿತ್ತು. ಎಲ್ಲ ಗೊತ್ತಿತ್ತು. ಬಡಗಿ ಅವನನ್ನು ಪಕ್ಕಕ್ಕೆ ನೂಕಿ ಹಾರೆಯ ಮೇಲೆ ಮೈಭಾರ ಬಿಟ್ಟ. ಬೀಗದ ಕೊಂಡಿ ಕಿತ್ತು ಹಾರಿ ಇವನ ಹುಬ್ಬಿಗೆ ಬಡಿಯಿತು. ಷಟರ್ ಎದ್ದಿತು, ಒಳಗೆ ಹಿಂದಿನ ಕೋಣೆ ಒಮ್ಮೆ ಕೆಮ್ಮಿದಂತಾಗಿ ಬೆಳಗಿತು. ಕಣ್ಣಿಗಿಳಿದ ರಕ್ತವನ್ನು ಒರೆಸಿಕೊಳ್ಳುತ್ತ ಅವನು ಬಗ್ಗಿ ನುಗ್ಗಿದ. ತಾತ ಷಟರಿನ ಬುಡದಲ್ಲೇ ಬಿದ್ದಿದ್ದ. ತಗಡಿಗೆ ಬಡಿಯುತ್ತಿದ್ದದ್ದು ಅವನ ತಲೆ. ಕಂಕುಳಿಗೆ ಕೈ ಹಾಕಿ ರಸ್ತೆಗೆ ಎಳೆದ. ಬಡಗಿ ಹೊಟ್ಟಿನ ಮೇಲೆ ಮರಳು ಚೆಲ್ಲುತ್ತ, ಬೈಯುತ್ತ, ಮತ್ತೆ ಚೆಲ್ಲುತ್ತ ಇದ್ದ. ಬೆಂಕಿ ದೊಡ್ಡದಿರಲಿಲ್ಲ. ದೊಡ್ಡದಾಗದಂತೆ ತಾತ ಮಾಡಿದ್ದ. ಎಚ್ಚರವಾದಾಗ ಗೋಣಿ ಹೊಗೆಯಾಡುತ್ತಿತ್ತಂತೆ. ಹುರಿ ಬಿಚ್ಚಲು ಬರಲಿಲ್ಲವಂತೆ, ಎರಡು ಗಂಟು. ಹಲ್ಲಿನಿಂದ ಕಿತ್ತು, ಚಿಂದಿಗಳನ್ನು ಹಿಡಿಹಿಡಿಯಾಗಿ ತೆಗೆದು ಉಳಿ ಮಸೆಯುವ ನೀರಿನ ಡ್ರಮ್ಮಿಗೆ ಅದ್ದಿದ್ದ. ಮೇಲಿನವು ಬರಿ ಬಿಸಿ. ನಡುವಿನವು ಅವನ ಕೈಯಲ್ಲೇ ಹೊತ್ತಿಕೊಂಡವು. ಮೊಣಕೈವರೆಗೆ ಚರ್ಮ ಸುಲಿದು ಕೈಗವಸಿನಂತೆ ಸಡಿಲವಾಗಿ ಜೋಲುತ್ತಿತ್ತು. ಕಣ್ಣು ಮುಚ್ಚಿದರೂ ಮರದ ಎಳೆಯೊಂದು ಕೂದಲಷ್ಟು ಎದ್ದಿದ್ದರೆ ಹೇಳಬಲ್ಲ ಬೆರಳುಗಳು ಅವು.

ಕೊಡ ಕೊಡ ನೀರು ತಂದು ಆ ಕೈಗಳ ಮೇಲೆ ಸುರಿದ. ತಾತ ನರಳಲಿಲ್ಲ, ನಡುಗುತ್ತಿದ್ದ. "ಮೇಷ್ಟ್ರೇ, ನಾಲ್ಕಾಗಿ ಮಡಚಿತ್ತು," ಎಂದ. ಇವನು ನೀರು ಸುರಿದ. "ನಮ್ಮ ಗುರು ಹೇಳಿದ್ದು ಒಂದೇ ಮಾತು, ಚಿಂದಿ ಗುಡ್ಡೆ ಹಾಕ್ಬೇಡ ಅಂತ. ಯಾಕೆ ಅಂತ ಕೇಳಿದ್ದಕ್ಕೆ ತಲೆಗೆ ಒಂದು ಬಿಟ್ಟ. ನಿಮಗೆ ಗೊತ್ತಿರುತ್ತೆ. ಯಾಕೆ?" ಅವನು ಹೇಳಿದ. ಎಣ್ಣೆ ಗಾಳಿಯನ್ನು ಹಿಡಿಯುತ್ತೆ, ಬಿಸಿ ಬಿಡುತ್ತೆ, ಹರಡಿದ್ರೆ ಬಿಸಿ ಚದುರಿ ಹೋಗುತ್ತೆ, ಮಡಚಿದ್ರೆ ಹೋಗೋಕೆ ದಾರಿ ಇರಲ್ಲ. ಹೇಳುತ್ತ ಹೇಳುತ್ತ ತನ್ನ ಧ್ವನಿ ತರಗತಿಯ ಧ್ವನಿಯಾಗುತ್ತಿರುವುದು ತಿಳಿದು ನಾಲಿಗೆ ಕಚ್ಚಿಕೊಂಡ. ಮುದುಕ ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸಿದ. "ಅಷ್ಟೇನಾ," ಎಂದ. "ಅಷ್ಟಕ್ಕೆ ಅವನು ನನಗೆ ಹೊಡೆದ."

ಭಾವ ಬಂದವನು ಮೊದಲು ಬೀರು ಎಣಿಸಿದ, ಆಮೇಲೆ ತಾತನ ಹತ್ತಿರ ಬಂದ. "ಸಿಗರೇಟು ಸೇದಿದ್ಯಾ ಮುದುಕಾ? ಹೊಟ್ಟಿನಲ್ಲಿ ಕೂತು ಸಿಗರೇಟು ಸೇದಿದ್ಯಾ?" ಸುಟ್ಟ ಕೈ ಮುಖಕ್ಕೆ ಅಡ್ಡ ಹಿಡಿಯಲು ಆಗದೆ ತಾತ ಕಣ್ಣು ಮುಚ್ಚಿದ. ಏಟು ಕೆನ್ನೆಗೆ ಬಿತ್ತು. "ಭಾವ, ಅದು ನಾನು," ಎಂದ ಇವನು. "ಮಡಚಿ ಕಟ್ಟಿಟ್ರೆ ಅದು ತಾನಾಗೇ ಹೊತ್ತಿಕೊಳ್ಳುತ್ತೆ. ನನಗೆ ಗೊತ್ತಿತ್ತು." ಭಾವ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ, ಒಂದು ಬರಿಗಾಲು, ಹುಬ್ಬಿನ ರಕ್ತ, ಕಾಲರು. "ತಾನಾಗೇ ಹೊತ್ಕೊಳ್ಳೋಕೆ ಚಿಂದಿಗೇನು ತಲೆ ಕೆಟ್ಟಿದ್ಯಾ? ಮುದುಕನ ಮೇಲೆ ಕನಿಕರ ಇದ್ರೆ ಮನೆಗೆ ಕರ್ಕೊಂಡ್ಹೋಗಿ ಸಾಕು. ಬೆಂಕಿ ಹಚ್ಚೋಕೂ ಎದೆಗಾರಿಕೆ ಬೇಕು ಮೇಷ್ಟ್ರೇ, ನಿಮ್ಮಂಥವರ ಕೈಲಿ ಆಗಲ್ಲ." ಬಡಗಿ ಎಲ್ಲಿಂದಲೋ ಒಂದು ಆಟೋ ತಂದಿದ್ದ. ತಾತನನ್ನು ಹತ್ತಿಸಿದರು. "ನೀವು ಬರ್ಬೇಡಿ," ಎಂದ ತಾತ, ಇವನು ಕಾಲಿಟ್ಟಾಗ. ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಒಂದು ಕೆಲಸ ಬಾಕಿಯಿದೆ ಎಂಬಂತೆ. "ಆಸ್ಪತ್ರೆಯಿಂದ ಪೊಲೀಸರಿಗೆ ಹೇಳ್ತಾರೆ," ಎಂದ ಭಾವ ಆಟೋದೊಳಗೆ ಬಗ್ಗಿ. "ಸಿಗರೇಟು ಅಂತ ಬರೆಸು. ಇಲ್ದಿದ್ರೆ ಕೆಲಸ ಮರೆತುಬಿಡು." ಇನ್ನು ಯಾವ ಕೈಯಿಂದ ಕೆಲಸ ಎಂದು ಯಾರೂ ಕೇಳಲಿಲ್ಲ. ಬಡಗಿ ಮುದುಕನನ್ನು ತನ್ನ ಎದೆಗೆ ಒರಗಿಸಿಕೊಂಡು, ನಡೀ ಎಂದ.

ಅವನು ಹಿಂದಿನ ಕೋಣೆಗೆ ಹೋಗಿ, ಹಿಂಬಾಗಿಲಿಗೆ ಅಡ್ಡವಿದ್ದ ಬೀರುಗಳಲ್ಲಿ ಒಂದನ್ನು ಎಳೆದು ಸರಿಸಿ ಹಿತ್ತಲಿಗೆ ದಾರಿ ಮಾಡಿಕೊಂಡ. ಡ್ರಮ್ಮಿನಲ್ಲಿ ನೀರು ಕಪ್ಪಾಗಿತ್ತು. ತೋಳು ಮುಳುಗುವವರೆಗೆ ಕೈ ಹಾಕಿ ತಳದಿಂದ ತೆಗೆಯತೊಡಗಿದ. ಮೊದಲು ಬಿದ್ದವು ಗೋಣಿಯ ಮೇಲಿದ್ದವು. ಬಿಚ್ಚಿ, ಕೊಡವಿ, ತಂತಿಯ ಎಡತುದಿಗೆ ಹಾಕಿದ. ಅವಕ್ಕೆ ಏನೂ ಆಗಿರಲಿಲ್ಲ, ಹಳದಿ ಎಣ್ಣೆ ಮಾತ್ರ. ಆಮೇಲಿನವು ನಡುವೆ ಕಂದು ತಿರುಗಿದ್ದವು, ಇಸ್ತ್ರಿ ಪೆಟ್ಟಿಗೆ ಮರೆತಂತೆ. ಅದರಾಚೆಯವಕ್ಕೆ ತೂತು ಬಿದ್ದಿತ್ತು. ಮಡಚಿದ್ದನ್ನು ಬಿಚ್ಚಿದಾಗ ಒಂದೊಂದರಲ್ಲೂ ನಾಲ್ಕು ತೂತು, ಒಂದೇ ಗಾತ್ರ, ಒಂದೇ ಆಕಾರ, ಅಳತೆಪಟ್ಟಿ ಇಟ್ಟು ಮಾಡಿದಂತೆ. ಕೊನೆಗೆ, ಬಲತುದಿಯಲ್ಲಿ, ಬರಿ ಅಂಚುಗಳು ಉಳಿದ ಕರಿ ಚೌಕಟ್ಟುಗಳು. ಯಾವ ಸಿಗರೇಟೂ ಒಳಗಿನಿಂದ ಹೊರಕ್ಕೆ ಸುಡುವುದಿಲ್ಲ. ಓದಲು ಬರುವವನಿಗೆ, ಬಾರದವನಿಗೂ, ಎಡದಿಂದ ಬಲಕ್ಕೆ ಎಲ್ಲ ಬರೆದಿತ್ತು. ಕೆಲಸ ಮುಗಿಸಿ ಅವನು ತಂತಿಯ ಪಕ್ಕದಲ್ಲಿ ನಿಂತ, ಬೋರ್ಡಿನ ಪಕ್ಕದಲ್ಲಿ ನಿಲ್ಲುವಂತೆ.

ಭಾವ ಏನೋ ಬೈಯುತ್ತ ಹಿತ್ತಿಲಿಗೆ ಬಂದ. ಬೈಗುಳ ಅರ್ಧಕ್ಕೆ ನಿಂತಿತು. ಮೊದಲ ಚಿಂದಿಯಿಂದ ಕೊನೆಯದರವರೆಗೆ ನಿಧಾನವಾಗಿ ನಡೆದ, ಮರದ ವ್ಯಾಪಾರದವನ ಕಣ್ಣಲ್ಲಿ ನೋಡುತ್ತ. ನಾಲ್ಕು ತೂತಿನದೊಂದನ್ನು ಬೆರಳಿನಿಂದ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ತೂತುಗಳು ಒಂದರ ಮೇಲೊಂದು ಕೂತು ಒಂದಾದವು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲನೇ ಚಿಂದಿಯಿಂದ."

"ಮುದುಕ ಒಳಗೆ ಮಲಗ್ತಾನೆ ಅಂತ?"

ತಂತಿ ಗಾಳಿಗೆ ಕಿರುಗುಟ್ಟಿತು. "ಅದೂ ಕೇಳಿಸಿತ್ತು," ಎಂದ ಅವನು.

ಭಾವನ ಕೈ ಭುಜದಿಂದ ಹಿಂದಕ್ಕೆ ಹೋಗುವುದನ್ನು ಅವನು ನೋಡಿದ. ಒಂದು ಚಮಚ ನೀರು, ಒಂದೂವರೆ ಡಿಗ್ರಿ. ಕನ್ನಡಕ ತೆಗೆದು, ಕಡ್ಡಿಗಳನ್ನು ಮಡಚದೆ, ಹಾಗೆಯೇ ಕೆಳಗೆ ಹುಲ್ಲಿನ ಮೇಲಿಟ್ಟ. ಆಮೇಲೆ ಎದ್ದು ನಿಂತು ಎಡಕಿವಿಯನ್ನು ಭಾವನ ಕಡೆಗೆ ತಿರುಗಿಸಿದ.